ಮರದ ಮಾಡಿನ ಸೂರು ಗೋಡೆಯಿಂದ ಎಷ್ಟು ಹೊರಗೆ ಚಾಚಬಹುದು? ಕ್ಯಾಂಟಿಲಿವರ್ (ಒಂದೇ ಕಡೆ ಆಸರೆ ಇರುವ ಚಾಚು) ಮಿತಿ ಬಗ್ಗೆ ಚರ್ಚೆ

ಸೂರು_ಬೇಕು:
ಎಲ್ಲರಿಗೂ ನಮಸ್ಕಾರ. ಮರಗೆಲಸಕ್ಕೆ ಅಂತ ಒಂದು ಶೆಡ್ ಕಟ್ಟುತ್ತಿದ್ದೇನೆ. ಅಗಲ 3.6 ಮೀಟರ್, ಉದ್ದ 4.8 ಮೀಟರ್. ಗೋಡೆಗಳೂ ಮರದ ಚೌಕಟ್ಟಿನವೇ. ಎರಡು ಇಳಿಜಾರಿನ ಮಾಡು, ಸುಮಾರು 20 ಡಿಗ್ರಿ, ಮೇಲೆ ಲೋಹದ ಶೀಟು. ರಾಫ್ಟರ್‌ಗಳು, ಅಂದರೆ ನೆತ್ತಿಯಿಂದ ಸೂರಿಗೆ ಇಳಿಜಾರಾಗಿ ಬರುವ ಮರಗಳು, 38×140 ಮಿ.ಮೀ., 60 ಸೆಂ.ಮೀ.ಗೆ ಒಂದರಂತೆ.

ಸೂರಿನ ಕೆಳಗೆ ಹಲಗೆಗಳನ್ನು ಪೇರಿಸಿಡಬೇಕು, ಮಳೆ ತಾಗಬಾರದು. ಅದಕ್ಕೆ ಎರಡೂ ಬದಿ 1.2 ಮೀಟರ್ ಹೊರಗೆ ಬಿಡುವ ಆಲೋಚನೆ ಇದೆ. ತ್ರಿಕೋನ ಗೋಡೆಯ ಕಡೆ, ಅಂದರೆ ಗೇಬಲ್ ಕಡೆ, 90 ಸೆಂ.ಮೀ. ಬೇಕು. ಅಲ್ಲಿ 38×89 ತುಂಡುಗಳನ್ನು ಮಲಗಿಸಿ ಏಣಿ ಥರ ಜೋಡಿಸೋಣ ಅಂದುಕೊಂಡಿದ್ದೇನೆ. ಒಬ್ಬರು 2 ಅಡಿ ಮೀರಬೇಡಿ ಅಂತಾರೆ. ಇನ್ನೊಬ್ಬರು ಮೂರರಲ್ಲಿ ಒಂದು ಪಾಲು ಅಂತಾರೆ. ಯಾವುದರ ಮೂರನೇ ಒಂದು ಅಂತ ಕೇಳಿದರೆ ಉತ್ತರ ಇಲ್ಲ. ನಿಜವಾದ ಮಿತಿ ಯಾವುದು?

ಹಳೇ_ಬಡಗಿ:
ಮೊದಲು ಎರಡು ವಿಷಯ ಹೇಳಿ. ನೆತ್ತಿಯಲ್ಲಿ ಭಾರ ಹೊರುವ ತೊಲೆ ಇದೆಯಾ, ಇಲ್ಲಾ ರಾಫ್ಟರ್‌ಗಳು ಎದುರುಬದುರು ಒರಗುವ ಬರೀ ಹಲಗೆಯಾ? ಗೋಡೆ ಮೇಲೆ ಕೂರುವ ಕಡೆ ರಾಫ್ಟರ್‌ಗೆ ಎಷ್ಟು ಕಚ್ಚು ಹೊಡೆಯುತ್ತೀರಿ? ಇದು ಗೊತ್ತಾಗದೆ ಸುಮ್ನೆ ಒಂದು ಅಳತೆ ಹೇಳಿದರೆ ತಪ್ಪಾಗುತ್ತದೆ.

ಸೂರು_ಬೇಕು:
ನೆತ್ತಿಯಲ್ಲಿ ತೊಲೆಯೇ ಇದೆ. ಎರಡು ತುದಿಗೆ ಮತ್ತು ನಡುವೆ ಒಂದು ಕಂಬ. ಕಚ್ಚು ರಾಫ್ಟರ್ ಎತ್ತರದ ಮೂರನೇ ಒಂದು ಭಾಗ ಹೊಡೆಯಬಹುದು ಅಂತ ಕೇಳಿದ್ದೆ.

ಲೆಕ್ಕ_ನೋಡೋಣ:
ತೊಲೆ ಇರುವುದು ಒಳ್ಳೆಯದಾಯಿತು, ಲೆಕ್ಕ ಸುಲಭ. ನಾನು ರಚನಾ ವಿನ್ಯಾಸದ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಎಲ್ಲರೂ ಹೊರಗೆ ಎಷ್ಟು ಅಂತ ಕೇಳುತ್ತಾರೆ. ನೋಡಬೇಕಾದದ್ದು ಒಳಗೆ ಎಷ್ಟು ಅಂತ. ಗೋಡೆಯಿಂದ ಹೊರಗೆ ಚಾಚಿದ ರಾಫ್ಟರ್ ಒಂದು ಏತ ಇದ್ದ ಹಾಗೆ. ಹೊರ ತುದಿಗೆ ಭಾರ ಬಿದ್ದರೆ ಒಳ ತುದಿ ಮೇಲೆ ಏಳಲು ನೋಡುತ್ತದೆ. ಒಳಗಿನ ಉದ್ದ ಜಾಸ್ತಿ ಇದ್ದಷ್ಟೂ ಅದನ್ನು ಹಿಡಿದಿಡಲು ಬೇಕಾದ ಬಲ ಕಡಿಮೆ. ‘ಮೂರನೇ ಒಂದು’ ಅನ್ನುವ ಮಾತು ಬಂದದ್ದು ಇಲ್ಲಿಂದಲೇ. ಅಮೆರಿಕದಲ್ಲಿ ಬಡಗಿಗಳು ಬಳಸುವ ಡಬ್ಲ್ಯುಎಫ್‌ಸಿಎಂ ಕೈಪಿಡಿ ರಾಫ್ಟರ್ ಚಾಚನ್ನು ಒಳಗಿನ ಸ್ಪ್ಯಾನಿನ (ಒಂದು ಆಸರೆಯಿಂದ ಇನ್ನೊಂದಕ್ಕೆ ಇರುವ ಉದ್ದದ) ಮೂರನೇ ಒಂದು ಭಾಗ ಅಥವಾ 2 ಅಡಿ, ಇವೆರಡರಲ್ಲಿ ಯಾವುದು ಚಿಕ್ಕದೋ ಅಷ್ಟಕ್ಕೆ ನಿಲ್ಲಿಸುತ್ತದೆ. ಹಾಗಾಗಿ ನಿಮಗೆ ಹೇಳಿದ ಇಬ್ಬರೂ ಒಂದೇ ನಿಯಮದ ಅರ್ಧರ್ಧ ಹೇಳಿದ್ದಾರೆ. ನಿಮ್ಮಲ್ಲಿ ಗೋಡೆಯಿಂದ ನೆತ್ತಿಗೆ ಅಡ್ಡಲಾಗಿ 1.8 ಮೀಟರ್. ಅದರ ಮೂರನೇ ಒಂದು 60 ಸೆಂ.ಮೀ. ಯಾವ ದಾರಿಯಲ್ಲಿ ಹೋದರೂ ಅಲ್ಲಿಗೇ ಬರುತ್ತೀರಿ.

ಈಗ 1.2 ಮೀಟರಿಗೆ ಹೋದರೆ ಏನಾಗುತ್ತದೆ ನೋಡಿ. ಶೀಟು ಹಾಕುವವರು ಸೂರಿನ ತುದಿಯಲ್ಲಿ ನಿಂತೇ ನಿಲ್ಲುತ್ತಾರೆ. ಒಬ್ಬರ ಭಾರ 90 ಕೆಜಿ ಅಂದುಕೊಳ್ಳಿ, ಇಡೀ ಭಾರ ಒಂದೇ ರಾಫ್ಟರ್ ಮೇಲೆ. 60 ಸೆಂ.ಮೀ. ಚಾಚಿಗೆ ಗೋಡೆ ಮೇಲಿನ ಬಾಗುಬಲ (ಭಾರ ಗುಣಿಸು ದೂರ) 0.54 ಕಿಲೋನ್ಯೂಟನ್-ಮೀಟರ್. 1.2 ಮೀಟರಿಗೆ 1.08. ಕಚ್ಚಿಲ್ಲದ 38×140ರಲ್ಲಿ ಒತ್ತಡ ಕ್ರಮವಾಗಿ 4.4 ಮತ್ತು 8.7 ಮೆಗಾಪಾಸ್ಕಲ್. ಸಾಮಾನ್ಯ ಮೆದು ಮರಕ್ಕೆ ಜಾತಿ, ದರ್ಜೆ ನೋಡಿಕೊಂಡು 6ರಿಂದ 10 ಸುರಕ್ಷಿತ ಅಂತ ಹಿಡಿಯಬಹುದು.

ಆದರೆ ನಿಮ್ಮ ರಾಫ್ಟರ್‌ನಲ್ಲಿ ಕಚ್ಚು ಇದೆ, ಅದೂ ಬಾಗುಬಲ ಅತಿ ಜಾಸ್ತಿ ಇರುವ ಜಾಗದಲ್ಲೇ. ಎತ್ತರದ ಮೂರನೇ ಒಂದು ಕತ್ತರಿಸಿದರೆ ಉಳಿಯುವುದು 93 ಮಿ.ಮೀ. ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಉಳಿಯುವ ಬಲ 44 ಶೇಕಡಾ ಮಾತ್ರ. ಅದೇ ಮನುಷ್ಯ 1.2 ಮೀಟರ್ ತುದಿಯಲ್ಲಿ ನಿಂತರೆ ಒತ್ತಡ 20ರ ಹತ್ತಿರ. ಇದು ಖಂಡಿತ ಬೇಡ.

ಅಷ್ಟು ಕಚ್ಚು ಬೇಕಾಗಿಯೂ ಇಲ್ಲ. 20 ಡಿಗ್ರಿ ಇಳಿಜಾರಿನಲ್ಲಿ 89 ಮಿ.ಮೀ. ಅಗಲದ ಗೋಡೆಪಟ್ಟಿ (ಗೋಡೆಯ ತಲೆಗೆ ಉದ್ದಕ್ಕೂ ಹಾಕುವ ಮರ) ಮೇಲೆ ರಾಫ್ಟರ್ ಪೂರ್ತಿ ಕೂರಲು 30 ಮಿ.ಮೀ. ಕಚ್ಚು ಸಾಕು. 110 ಮಿ.ಮೀ. ಉಳಿಯುತ್ತದೆ. ಆಗ 60 ಸೆಂ.ಮೀ. ಚಾಚಿಗೆ ಒತ್ತಡ 7ರ ಆಸುಪಾಸು. ಅಮೆರಿಕದ ವಸತಿ ಸಂಹಿತೆ ಐಆರ್‌ಸಿ ಕೂಡ ಚಾಚಿದ ಭಾಗದ ಕಚ್ಚಿಗೆ ಇದೇ ಥರ ಎರಡು ಷರತ್ತು ಹಾಕುತ್ತದೆ: ಉಳಿದ ಮರ ಕನಿಷ್ಠ 89 ಮಿ.ಮೀ. ಇರಬೇಕು, ಚಾಚು 24 ಇಂಚು ಮೀರಬಾರದು.

ಸೂರು_ಬೇಕು:
ತುಂಬಾ ಥ್ಯಾಂಕ್ಸ್ ಸರ್. ಕಚ್ಚಿನ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ರಾಫ್ಟರ್ ದಪ್ಪ ಮಾಡಿದರೆ 1.2 ಮೀಟರ್ ಆಗುತ್ತದಾ?

ಲೆಕ್ಕ_ನೋಡೋಣ:
ಬಲದ ಮಟ್ಟಿಗೆ ಆಗಬಹುದು. ಆದರೆ ಬಾಗು ಬೇರೆ ವಿಷಯ. ಚಾಚು ಎರಡು ಪಟ್ಟಾದರೆ ಬಾಗು ಎರಡು ಪಟ್ಟಾಗಿ ನಿಲ್ಲುವುದಿಲ್ಲ. ನಿಮ್ಮದೇ ಅಳತೆಗಳಲ್ಲಿ ಮಾಡಿ ನೋಡಿದೆ. ತುದಿಯಲ್ಲಿ 90 ಕೆಜಿ ಇದ್ದರೆ 60 ಸೆಂ.ಮೀ. ಚಾಚು ಸುಮಾರು 3 ಮಿ.ಮೀ. ಇಳಿಯುತ್ತದೆ, 1.2 ಮೀಟರ್ ಚಾಚು 16–17 ಮಿ.ಮೀ. ಅಂದರೆ ಐದು ಪಟ್ಟು. ಚಾಚಿನ ಮೇಲೆ ಸಮನಾಗಿ ಹರಡಿದ ಭಾರಕ್ಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು.

ಇನ್ನೊಂದು ವಿಷಯ. ಮರ ಭಾರ ಹೊತ್ತು ವರ್ಷಗಟ್ಟಲೆ ನಿಂತರೆ ನಿಧಾನವಾಗಿ ಇನ್ನಷ್ಟು ಬಾಗುತ್ತದೆ. ಕಾಯಂ ಭಾರಕ್ಕೆ ಬರುವ ಬಾಗನ್ನು ಒಣಗಿದ ಮರಕ್ಕೆ 1.5 ಪಟ್ಟು, ಹಸಿ ಮರಕ್ಕೆ 2 ಪಟ್ಟು ಅಂತ ಹಿಡಿದು ಲೆಕ್ಕ ಮಾಡುತ್ತೇವೆ. ಸೂರಿನ ಗೆರೆ ಅಂಕುಡೊಂಕಾಗಿ ಕಾಣುವ ಎಷ್ಟೋ ಮಾಡುಗಳಲ್ಲಿ ಬಲದ ತೊಂದರೆ ಇರುವುದಿಲ್ಲ. ಹಸಿ ಮರ ಹಾಕಿರುತ್ತಾರೆ, ಅಷ್ಟೇ.

ಗಾಳಿ_ಮಳೆ:
ಇಷ್ಟು ಹೊತ್ತೂ ಕೆಳಗೆ ಒತ್ತುವ ಭಾರದ ಮಾತೇ ಆಯಿತು. ನನಗೆ ಹೆಚ್ಚು ಆತಂಕ ಮೇಲಕ್ಕೆ ಎತ್ತುವ ಗಾಳಿಯದ್ದು.

ಮಾಡಿನ ಉಳಿದ ಭಾಗಕ್ಕೂ ಸೂರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸೂರಿನ ಮೇಲೆ ಗಾಳಿ ಹೀರುತ್ತದೆ. ಕೆಳಗೆ, ಗೋಡೆಗೆ ಬಡಿದ ಗಾಳಿ ಮೇಲೆದ್ದು ಸೂರನ್ನು ತಳ್ಳುತ್ತದೆ. ಎರಡೂ ಒಂದೇ ದಿಕ್ಕಿಗೆ, ಎರಡೂ ಕೂಡುತ್ತವೆ. ಅದೂ ಅಲ್ಲದೆ ಮಾಡಿನ ಅಂಚು ಮತ್ತು ಮೂಲೆಗಳಲ್ಲೇ ಹೀರುಬಲ ಅತಿ ಜಾಸ್ತಿ. ಸೂರು ಇರುವುದು ಅಲ್ಲೇ ಅಲ್ವಾ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 40 ಮೀಟರ್, ಅಂದರೆ ಗಂಟೆಗೆ 144 ಕಿ.ಮೀ. ಗಾಳಿಗೆ ಮೂಲ ಒತ್ತಡ ಚದರ ಮೀಟರಿಗೆ ಸುಮಾರು 0.96 ಕಿಲೋನ್ಯೂಟನ್. ಮೇಲಿನ ಹೀರು, ಕೆಳಗಿನ ತಳ್ಳು ಸೇರಿಸಿ ಚದರ ಮೀಟರಿಗೆ 1.5 ಕಿಲೋನ್ಯೂಟನ್ ಅಂತ ಇಟ್ಟುಕೊಳ್ಳಿ. 1.2 ಮೀಟರ್ ಸೂರಿನಲ್ಲಿ ಪ್ರತಿ ರಾಫ್ಟರ್ ಪಾಲಿಗೆ ಸುಮಾರು 110 ಕೆಜಿ ಎತ್ತುಬಲ. ಅಷ್ಟೇ ಜಾಗದಲ್ಲಿ ಶೀಟು, ಮರ ಸೇರಿ ತೂಕ 15 ಕೆಜಿ ಇದ್ದರೆ ಹೆಚ್ಚು.

ಇದು ಗೋಡೆ ಮೇಲಿನ ಜೋಡಣೆಗೆ ಹೇಗೆ ಬರುತ್ತದೆ ಅನ್ನುವುದೂ ಮುಖ್ಯ. ನೆತ್ತಿಯಿಂದ ದೂರ ಇರುವ ಬಲ ಆದ್ದರಿಂದ ಗೋಡೆ ಹತ್ತಿರ ಅದು ಇನ್ನೂ ದೊಡ್ಡದಾಗುತ್ತದೆ. ಸೂರಿನ ಪಾಲೇ ಪ್ರತಿ ರಾಫ್ಟರ್‌ಗೆ 145 ಕೆಜಿಯಷ್ಟು. 60 ಸೆಂ.ಮೀ. ಸೂರಿಗೆ ಅದು 65 ಕೆಜಿ. ಇದರ ಮೇಲೆ ಒಳಗಿನ ಮಾಡಿನ ಎತ್ತುಬಲ ಬೇರೆ ಸೇರುತ್ತದೆ. ಓರೆಯಾಗಿ ಹೊಡೆದ ಎರಡು ಮೊಳೆಗಳನ್ನು ನಂಬಿಕೊಂಡು ಇದನ್ನು ಬಿಡಬೇಡಿ. ಪ್ರತಿ ರಾಫ್ಟರ್‌ಗೂ ಲೋಹದ ಪಟ್ಟಿ ಹಾಕಿ. ಆ ಪಟ್ಟಿ ಗೋಡೆಪಟ್ಟಿಗೆ ಮಾತ್ರ ಸಿಕ್ಕಿಕೊಂಡರೆ ಸಾಲದು, ಕೆಳಗಿನ ಕಂಬಕ್ಕೂ ಬಲ ಇಳಿಯಬೇಕು. ಕಂಬದಿಂದ ಅಡಿಪಾಯಕ್ಕೂ ಇಳಿಯಬೇಕು. ಈ ಸರಪಳಿ ಎಲ್ಲೂ ತುಂಡಾಗಬಾರದು.

ಗಾಳಿ ಎತ್ತುವಾಗ ರಾಫ್ಟರ್ ತಿರುಗುಮುರುಗಾಗಿ ಬಾಗುತ್ತದೆ. ಭಾರಕ್ಕೆ ಬಾಗುವಾಗ ಕಚ್ಚು ಇರುವ ಕೆಳಭಾಗ ಅದುಮಲ್ಪಡುತ್ತದೆ, ಗಾಳಿಗೆ ಅದೇ ಭಾಗ ಎಳೆಯಲ್ಪಡುತ್ತದೆ. ಕಚ್ಚಿನ ಮೂಲೆಯಿಂದ ಮರ ನಾರಿನ ಉದ್ದಕ್ಕೆ ಸೀಳುವುದು ಆಗಲೇ. ಅದಕ್ಕೇ ಕಚ್ಚು ಹೊಡೆಯುವಾಗ ಗರಗಸ ಮೂಲೆ ದಾಟಿ ಮುಂದೆ ಹೋಗಬಾರದು. ಕೊನೆಯ ಅಷ್ಟನ್ನು ಉಳಿಯಿಂದ ಬಿಡಿಸಿ.

ಮರ_ಮಾತು:
ಎಲ್ಲರೂ ಸ್ವಲ್ಪ ಜಾಸ್ತಿಯೇ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ಹಳೆಯ ಮರದ ಕಟ್ಟಡಗಳಲ್ಲಿ ಎರಡು, ಮೂರು ಮೀಟರ್ ಸೂರು ನೂರಾರು ವರ್ಷಗಳಿಂದ ನಿಂತಿವೆ. ಚೀನಾದ ಫೋಗುವಾಂಗ್ ದೇವಾಲಯದ ಪೂರ್ವ ಮಂಟಪ ಕಟ್ಟಿದ್ದು 857ರಲ್ಲಿ. ಅದರ ಸೂರು ನಾಲ್ಕು ಮೀಟರಿನ ಹತ್ತಿರ ಹೊರಗಿದೆ. ಆಗ ಯಾರು ಸಂಹಿತೆ ನೋಡಿದ್ದರು?

ಲೆಕ್ಕ_ನೋಡೋಣ:
ಒಳ್ಳೆಯ ಉದಾಹರಣೆ ಕೊಟ್ಟಿರಿ. ಅಲ್ಲಿ ಏನು ಮಾಡಿದ್ದಾರೆ ನೋಡಿ. ಕಂಬದ ಮೇಲೆ ಒಂದರ ಮೇಲೊಂದು ಚಾಚುತ್ತಾ ಹೋಗುವ ಬ್ರಾಕೆಟ್‌ಗಳಿವೆ. ಅವುಗಳ ನಡುವೆ ‘ಆಂಗ್’ ಅನ್ನುವ ಓರೆ ತೊಲೆ ಹೋಗುತ್ತದೆ. ಅದರ ಹೊರ ತುದಿ ಸೂರನ್ನು ಹೊರುತ್ತದೆ, ಒಳ ತುದಿಯನ್ನು ಮಾಡಿನ ಭಾರ ಅದುಮಿ ಹಿಡಿಯುತ್ತದೆ. ಜಪಾನಿನ ದೇವಾಲಯಗಳಲ್ಲಿ ಮಾಡಿನ ಒಳಗೆ ಕಣ್ಣಿಗೆ ಕಾಣದಂತೆ ‘ಹನೆಗಿ’ ಅನ್ನುವ ದಪ್ಪ ತೊಲೆಗಳನ್ನು ಇಡುತ್ತಾರೆ. ಕೆಲಸ ಅದೇ. ಅವರಿಗೆ ಒಳಗಿನ ಉದ್ದದ ಮಹತ್ವ ಚೆನ್ನಾಗಿ ಗೊತ್ತಿತ್ತು. ಜೊತೆಗೆ ಅಲ್ಲಿ ಹೆಂಚಿನ ಮಾಡು. ಆ ತೂಕ ಒಳ ತುದಿಯನ್ನೂ ಹಿಡಿಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಇಲ್ಲಿ 38 ಮಿ.ಮೀ. ದಪ್ಪದ ಮರ, ಮೇಲೆ ಹಗುರ ಶೀಟು. ಆ ಅಳತೆಯನ್ನು ಇಲ್ಲಿಗೆ ತರುವ ಹಾಗಿಲ್ಲ.

ಮರ_ಮಾತು:
ಹೆಂಚಿನ ತೂಕದ ಮಾತು ಒಪ್ಪಿದೆ. ಹಾಗಾದರೆ ಶೀಟಿನ ಮಾಡಿಗೆ ಗಾಳಿಯೇ ಮೊದಲ ಲೆಕ್ಕ ಅಂತಾಯಿತು.

ಹಳೇ_ಬಡಗಿ:
ಗೇಬಲ್ ಕಡೆಗೆ ಬರೋಣ. ಅಲ್ಲೇ ನನಗೆ ಹೆಚ್ಚು ಭಯ.

ತುಂಡುಗಳನ್ನು ಮಲಗಿಸುತ್ತೇನೆ ಅಂದಿರಿ. 38×89 ತುಂಡನ್ನು ಮಲಗಿಸಿದ್ದಕ್ಕಿಂತ ನಿಲ್ಲಿಸಿದರೆ ಬಾಗದೆ ತಡೆಯುವ ಶಕ್ತಿ ಐದೂವರೆ ಪಟ್ಟು ಜಾಸ್ತಿ. ಮೊದಲು ಅದನ್ನು ಬದಲಿಸಿ. ಇನ್ನು ಏಣಿ ಥರದ್ದು. ಕೊನೆಯ ರಾಫ್ಟರ್‌ಗೆ ಹೊರಗಿನಿಂದ ಚಿಕ್ಕ ತುಂಡುಗಳನ್ನು ಮೊಳೆ ಹೊಡೆದು ಅಂಟಿಸಿದರೆ ಅದಕ್ಕೆ ಒಳಗಿನ ಉದ್ದವೇ ಇಲ್ಲ. ಶೀಟು ಮತ್ತು ಮೊಳೆ ಎರಡೇ ಹಿಡಿದಿರುತ್ತವೆ. ಅಂಥದ್ದನ್ನು ನಾನು ಅರ್ಧ ಅಡಿ, ತೀರಾ ಅಂದರೆ ಮುಕ್ಕಾಲು ಅಡಿಗೆ ನಿಲ್ಲಿಸುತ್ತೇನೆ.

ಕೊನೆಯ ರಾಫ್ಟರ್ ದಾಟಿ ಮುಂದಿನ ರಾಫ್ಟರ್‌ಗೆ ಹೋಗಿ ಮುಟ್ಟುವ ತುಂಡು ಹಾಕಿದರೂ, ನಿಮ್ಮಲ್ಲಿ ಒಳಗೆ 60, ಹೊರಗೆ 90. ಹೊರಗಿನದ್ದೇ ಉದ್ದ ಆಯಿತು! ಕೆಲಸ ಮಾಡುವವರು ಆ ತುದಿಗೆ ಕಾಲಿಟ್ಟರೆ ಒಳ ತುದಿಯಲ್ಲಿ 135 ಕೆಜಿ ಎತ್ತುಬಲ. ಆ ತುದಿಯನ್ನು ಹಿಡಿದಿರುವುದು ರಾಫ್ಟರ್ ಮೂಲಕ ತುಂಡಿನ ತಲೆಗೆ ಹೊಡೆದ ಎರಡು ಮೊಳೆ. ಮರದ ತಲೆಯಲ್ಲಿ, ನಾರಿನ ದಿಕ್ಕಿಗೆ ಹೋದ ಮೊಳೆಗೆ ಹಿಡಿತ ಕಡಿಮೆ.

ಲೆಕ್ಕ_ನೋಡೋಣ:
ಬಡಗಿಯವರ ಕೊನೆಯ ಮಾತಿಗೆ ಒಂದು ಅಂಕಿ ಸೇರಿಸುತ್ತೇನೆ. ತಲೆಗೆ ಹೊಡೆದ ಮೊಳೆಯ ಅಡ್ಡ ಬಲವನ್ನು ಮೂರನೇ ಎರಡು ಭಾಗ ಅಂತಲೇ ಹಿಡಿಯುತ್ತೇವೆ. ನೇರವಾಗಿ ಕಿತ್ತು ಬರುವ ಎಳೆತಕ್ಕೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು.

ಕಟ್ಟೋಣ_ಬನ್ನಿ:
ಲೋಹದ ಶೀಟು ಅಂದಮೇಲೆ ರಾಫ್ಟರ್‌ಗಳ ಮೇಲೆ ಅಡ್ಡಲಾಗಿ ಪರ್ಲಿನ್ ಬೇಕೇ ಬೇಕು. ಅವನ್ನೇ ಗೇಬಲ್ ದಾಟಿ ಹೊರಗೆ ಬಿಡಿ. ಬೇರೆ ಏಣಿ ಯಾಕೆ? 38×89 ನಿಲ್ಲಿಸಿ ಹಾಕಿ. ಇಡೀ ಉದ್ದಕ್ಕೆ ಹೋಗುವ ತುಂಡಾದ್ದರಿಂದ ಒಳಗಿನ ಉದ್ದದ ಚಿಂತೆ ಇಲ್ಲ.

ಹಳೇ_ಬಡಗಿ:
ಉಪಾಯ ಬಹಳ ಚೆನ್ನಾಗಿದೆ. ಆದರೆ ಚಿಂತೆ ಇಲ್ಲ ಅನ್ನಬೇಡಿ. ತುಂಡು ಎಷ್ಟೇ ಉದ್ದ ಇರಲಿ, ಏಳಲು ನೋಡುವುದು ಮೊದಲ ಒಳ ರಾಫ್ಟರ್ ಹತ್ತಿರ. ಅದು ಬರೀ 60 ಸೆಂ.ಮೀ. ಒಳಗಿದೆ. ಹೊರಗೆ 50 ಸೆಂ.ಮೀ. ಬಿಟ್ಟು ತುದಿಯಲ್ಲಿ ಒಬ್ಬರು ನಿಂತರೆ ಅಲ್ಲಿ 75 ಕೆಜಿಗೂ ಮೀರಿ ಎತ್ತುತ್ತದೆ. ಗೇಬಲ್ ರಾಫ್ಟರ್, ಮೊದಲ ಮತ್ತು ಎರಡನೇ ಒಳ ರಾಫ್ಟರ್, ಈ ಮೂರೂ ಕಡೆ ಪರ್ಲಿನ್‌ಗೆ ಪಟ್ಟಿ ಇಲ್ಲವೇ ಉದ್ದ ಸ್ಕ್ರೂ ಹಾಕಿ. ಹೊರಗೆ 50ಕ್ಕೆ ನಿಲ್ಲಿಸಿ. ಪರ್ಲಿನ್ ಜೋಡಿಸುವ ಸಂದು ಈ ಮೂರು ರಾಫ್ಟರ್‌ಗಳ ಒಳಗೆ ಬರಲೇಬಾರದು. ತುದಿಗೆ ಒಂದು ಗಟ್ಟಿ ಅಂಚುಹಲಗೆ ಕೊಡಿ, ಒಂದರ ಭಾರ ಪಕ್ಕದ್ದಕ್ಕೂ ಹಂಚಿಹೋಗುತ್ತದೆ.

ಸೂರು_ಬೇಕು:
ಪರ್ಲಿನ್ ಉಪಾಯ ಇಷ್ಟವಾಯಿತು. ಗೇಬಲ್ ಕಡೆ 50 ಒಪ್ಪಿದೆ. ಆದರೆ ಒಂದು ಬದಿಯಲ್ಲಾದರೂ 1.2 ಮೀಟರ್ ಬೇಕೇ ಬೇಕು, ಹಲಗೆ ಇಡಲು ಬೇರೆ ಜಾಗ ಇಲ್ಲ. ಏನಾದರೂ ದಾರಿ ಇದೆಯಾ?

ಹಳೇ_ಬಡಗಿ:
ಮದನಕೈ ಕೊಡಿ. ಗೋಡೆಯ ಕಂಬದಿಂದ 45 ಡಿಗ್ರಿಯಲ್ಲಿ ಹೊರಟು ಸುಮಾರು 80 ಸೆಂ.ಮೀ. ಹೊರಗೆ ಒಂದು ಅಡ್ಡ ತೊಲೆಯನ್ನು ಹೊರಲಿ. ರಾಫ್ಟರ್‌ಗಳು ಅದರ ಮೇಲೆ ಕೂರುತ್ತವೆ. ಆಮೇಲೆ ನಿಜವಾಗಿ ಗಾಳಿಯಲ್ಲಿ ನಿಂತಿರುವುದು ಕೊನೆಯ 40 ಸೆಂ.ಮೀ. ಮಾತ್ರ. ಹಲಗೆ ಪೇರಿಸಲು ಕೆಳಗೆ ಕಂಬವೂ ಅಡ್ಡ ಬರುವುದಿಲ್ಲ.

ಲೆಕ್ಕ_ನೋಡೋಣ:
ಒಪ್ಪುತ್ತೇನೆ, ಎರಡು ಎಚ್ಚರಿಕೆಗಳ ಜೊತೆ. 45 ಡಿಗ್ರಿ ಮದನಕೈ ಮೇಲಿನ ಭಾರ ಎಷ್ಟೋ ಅಷ್ಟೇ ಬಲದಿಂದ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಅದರ ಕಾಲು ಗೋಡೆಯ ಕಂಬದ ಮೇಲೇ ಬೀಳಬೇಕು. ಎರಡು ಕಂಬಗಳ ನಡುವಿನ ಹಲಗೆ ಮೇಲೆ ಬೀಳಬಾರದು. ಕಂಬದ ನಟ್ಟನಡುವೆ ಬಿದ್ದರೆ ಕಂಬವೇ ಬಾಗುತ್ತದೆ, ಹಾಗಾಗಿ ಅಲ್ಲಿ ಎರಡು ಕಂಬ ಜೋಡಿಸಿ. ಗಾಳಿ ಬಂದಾಗ ಇದೇ ಮದನಕೈಯನ್ನು ಮೇಲಕ್ಕೆ ಎಳೆಯುತ್ತದೆ. ಒರಗಿಸಿ ಒಂದು ಮೊಳೆ ಹೊಡೆದಿದ್ದರೆ ಕಳಚಿ ಬರುತ್ತದೆ. ಎರಡೂ ತುದಿಗೆ ಬೋಲ್ಟ್ ಬೇಕು.

ಹೊಸಬ_07:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದು ಆಗಲೇ ಕಟ್ಟಿರುವ ಮಾಡು, ಸೂರು ಬರೀ 20 ಸೆಂ.ಮೀ. ಮಳೆ ನೀರು ಗೋಡೆಗೆ ಹೊಡೆಯುತ್ತದೆ. ರಾಫ್ಟರ್ ತುದಿಗೆ ಬೇರೆ ತುಂಡು ಜೋಡಿಸಿ ಇನ್ನೂ 40 ಸೆಂ.ಮೀ. ಉದ್ದ ಮಾಡಬಹುದಾ?

ಹಳೇ_ಬಡಗಿ:
ತುದಿಗೆ ತುದಿ ಕೂಡಿಸಬೇಡಿ. ರಾಫ್ಟರ್ ಪಕ್ಕಕ್ಕೆ ಅಂಟಿಕೊಂಡು ಹೋಗುವ ಹೊಸ ತುಂಡು ಹಾಕಿ. ಗೋಡೆಯಿಂದ ಹೊರಗೆ ಒಟ್ಟು 60 ಆದರೆ ಒಳಗೆ ಕನಿಷ್ಠ 1.2 ಮೀಟರ್ ಹೋಗಬೇಕು. ಬೋಲ್ಟುಗಳು ಎರಡು ಕಡೆ ಮುಖ್ಯ: ಗೋಡೆಯ ನೇರಕ್ಕೆ ಮತ್ತು ಒಳ ತುದಿಯಲ್ಲಿ. ನಡುವೆ ಎಷ್ಟು ಮೊಳೆ ಹೊಡೆದರೂ ಒಳ ತುದಿ ಸಡಿಲ ಇದ್ದರೆ ಪ್ರಯೋಜನವಿಲ್ಲ. ಹೊಸ ತುಂಡಿನಲ್ಲಿ ಗೋಡೆ ಹತ್ತಿರ ದೊಡ್ಡ ಗಂಟು ಇರದ ಹಾಗೆ ಆರಿಸಿಕೊಳ್ಳಿ. ಹಳೆಯ ರಾಫ್ಟರ್ ತುದಿ ಮೆತ್ತಗಾಗಿದೆಯಾ ಅಂತ ಚೂಪಾದ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ.

ಲೆಕ್ಕ_ನೋಡೋಣ:
ನಿಮ್ಮದು ಕಾರ್ಖಾನೆಯಲ್ಲಿ ಮಾಡಿದ ಟ್ರಸ್ (ತುಂಡುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು) ಆಗಿದ್ದರೆ ಇದ್ಯಾವುದೂ ಬೇಡ. ಟ್ರಸ್‌ನ ಯಾವ ತುಂಡನ್ನೂ ಅದನ್ನು ವಿನ್ಯಾಸ ಮಾಡಿದವರನ್ನು ಕೇಳದೆ ಕತ್ತರಿಸಬಾರದು, ಉದ್ದ ಮಾಡಬಾರದು.

ಮರ_ಮಾತು:
ಇದೇ ಲೆಕ್ಕ ಮಹಡಿ ಜಂತಿಗಳಿಗೂ ಹೊಂದುತ್ತದಾ? ಬಾಲ್ಕನಿಗೆ ಜಂತಿಗಳನ್ನು ಹೊರಗೆ ಬಿಡುತ್ತಾರಲ್ಲ.

ಲೆಕ್ಕ_ನೋಡೋಣ:
ತತ್ವ ಅದೇ, ಆದರೆ ಮಿತಿ ಇನ್ನೂ ಬಿಗಿ. ಅಲ್ಲಿ ಜನ ಗುಂಪಾಗಿ ನಿಲ್ಲುತ್ತಾರೆ. ಐಆರ್‌ಸಿ ಪ್ರಕಾರ ಡೆಕ್‌ನ (ಮನೆ ಹೊರಗಿನ ತೆರೆದ ಮರದ ಜಗಲಿಯ) ಜಂತಿ ಒಳಗಿನ ಸ್ಪ್ಯಾನಿನ ನಾಲ್ಕನೇ ಒಂದು ಭಾಗ ಮಾತ್ರ ಹೊರಗೆ ಹೋಗಬಹುದು. ಚಾಚಿದ ಜಂತಿ ಮೇಲೆ ಗೋಡೆ ಮತ್ತು ಮಾಡು ಕೂರುವುದಾದರೆ ಒಳಗೆ ಕನಿಷ್ಠ ಮೂರು ಪಾಲು, ಹೊರಗೆ ಒಂದು ಪಾಲು. ಅದಕ್ಕೆ ಕೋಷ್ಟಕಗಳೂ ಬೇರೆ.

ಅದಕ್ಕಿಂತ ದೊಡ್ಡ ಶತ್ರು ನೀರು. 2015ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ವಸತಿ ಕಟ್ಟಡದ ಐದನೇ ಮಹಡಿಯ ಬಾಲ್ಕನಿ ಮುರಿದು 6 ಜನ ಸತ್ತರು, 7 ಜನ ಗಾಯಗೊಂಡರು. ಒಳಗಿನಿಂದ ಹೊರಗೆ ಚಾಚಿದ ಮರದ ಜಂತಿಗಳು ಗೋಡೆಯ ಹತ್ತಿರ ನೀರು ಕುಡಿದು ಕೊಳೆತಿದ್ದವು. ಮೇಲೆ ಕಾಣುವ ನೆಲ ಗಟ್ಟಿಯಾಗಿಯೇ ಇತ್ತು. 2018ರಲ್ಲಿ ಆ ರಾಜ್ಯ ಒಂದು ಕಾನೂನು ತಂದಿತು. ಮೂರು ಅಥವಾ ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡಗಳ ಇಂಥ ಬಾಲ್ಕನಿಗಳನ್ನು 6 ವರ್ಷಕ್ಕೊಮ್ಮೆ ಪರೀಕ್ಷಿಸಲೇಬೇಕು. ಬೇರೆ ತೊಲೆಗಳು ಕೊಳೆತರೆ ಜೋತುಬಿದ್ದು ಸೂಚನೆ ಕೊಡುವುದುಂಟು. ಕ್ಯಾಂಟಿಲಿವರ್‌ಗೆ ಆಸರೆ ಒಂದೇ ಕಡೆ. ಅಲ್ಲಿ ಹೋದರೆ ಬೇರೆ ಯಾವುದೂ ಹಿಡಿಯುವುದಿಲ್ಲ.

ಗಾಳಿ_ಮಳೆ:
ಸೂರಿನ ರಾಫ್ಟರ್‌ಗೂ ಈ ಮಾತು ಅನ್ವಯಿಸುತ್ತದೆ. ಮರದ ತಲೆ ನೀರನ್ನು ಬೇಗ ಹೀರುತ್ತದೆ. ತೇವ 20 ಶೇಕಡಾ ಒಳಗೆ ಇದ್ದರೆ ಕೊಳೆಯುವ ಭಯ ಇಲ್ಲ. ಶೀಟು ರಾಫ್ಟರ್ ತುದಿಗಿಂತ ಮುಂದೆ ಬರಲಿ, ತಲೆ ಮಳೆಗೆ ಸಿಗಬಾರದು. ಕಚ್ಚು ಕತ್ತರಿಸಿದ ಜಾಗಕ್ಕೆ ಮರ ಕೆಡದಂತೆ ತಡೆಯುವ ದ್ರಾವಣ ಹಚ್ಚಿ. ಮೊದಲೇ ಸಂಸ್ಕರಿಸಿದ ಮರವಾದರೂ ಕತ್ತರಿಸಿದಾಗ ಒಳಗಿನ ಸಂಸ್ಕರಿಸದ ಭಾಗ ಹೊರಬರುತ್ತದೆ.

ಸೂರು_ಬೇಕು:
ಈಗ ತೀರ್ಮಾನ ಹೀಗೆ. ಒಂದು ಬದಿ ಸೂರು 60 ಸೆಂ.ಮೀ. ಹಲಗೆ ಇಡುವ ಬದಿ 1.2 ಮೀಟರ್, ಮದನಕೈ ಮತ್ತು ಅಡ್ಡ ತೊಲೆ ಜೊತೆ. ಕಚ್ಚು 30 ಮಿ.ಮೀ. ಗೇಬಲ್ ಕಡೆ ಪರ್ಲಿನ್ 50 ಸೆಂ.ಮೀ. ಹೊರಗೆ. ಪ್ರತಿ ರಾಫ್ಟರ್‌ಗೂ ಕಂಬದವರೆಗೆ ಪಟ್ಟಿ. ಅಡ್ಡ ತೊಲೆಗೆ ಅಳತೆ ಹಾಕಿ ನಕ್ಷೆಯನ್ನು ಇಲ್ಲಿನ ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಕೆಲಸ ಶುರು ಮಾಡುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ. ಎರಡು ಬದಿಯ ಸೂರು ಬೇರೆ ಬೇರೆ ಉದ್ದ ಆದರೆ ನೆತ್ತಿಯ ತೊಲೆಗೆ ತೊಂದರೆ ಆಗುತ್ತದಾ?

ಲೆಕ್ಕ_ನೋಡೋಣ:
ನಿಮ್ಮ ಅಳತೆಗೆ ಆಗುವುದಿಲ್ಲ. ಮದನಕೈ ಇರುವ ಬದಿಯಲ್ಲಿ ಹೊರಗಿನ ಭಾರದ ದೊಡ್ಡ ಪಾಲು ಗೋಡೆಗೇ ಹೋಗುತ್ತದೆ. 60 ಸೆಂ.ಮೀ. ಬದಿಯಲ್ಲಿ ತುದಿಗೆ ಒಬ್ಬರು ನಿಂತರೆ ನೆತ್ತಿಯಲ್ಲಿ ಸುಮಾರು 30 ಕೆಜಿ ಎತ್ತುಬಲ ಬರುತ್ತದೆ. ಆದ್ದರಿಂದ ರಾಫ್ಟರ್‌ಗಳು ತೊಲೆ ಮೇಲೆ ಸುಮ್ನೆ ಕೂತಿರಬಾರದು, ಅಲ್ಲಿಯೂ ಪಟ್ಟಿ ಬೇಕು. ಶೀಟು ಹಾಕುವ ಮೊದಲೇ ಇವೆಲ್ಲ ಬಿಗಿಯಾಗಿರಲಿ. ಕೆಲಸದವರು ಸೂರಿನ ಮೇಲೆ ನಿಲ್ಲುವುದು ಆಗಲೇ.